ಹೊಳೆ ಬಂದಾಗಲೇ ಅಳತೆ

ಪರದೆಯ ಮೇಲೆ ಎರಡು ಗೆರೆ, ಒಂದು ಕೆಂಪು, ಒಂದು ಹಸಿರು. ಹೃದಯ ಬಡಿದಾಗೊಮ್ಮೆ ಎರಡೂ ಜೋಡೆತ್ತಿನ ಹಾಗೆ ಕೂಡಿಯೇ ಏರಿ ಕೂಡಿಯೇ ಇಳಿಯುತ್ತಿದ್ದವು. ಗಾಜಿನಾಚೆ ಮಲಗಿದ್ದವರು ದೇವದುರ್ಗ ತಾಲ್ಲೂಕಿನ ಗೂಗಲ್ ಊರಿನ ನನ್ನ ಸೋದರಮಾವ. ರಕ್ತನಾಳಕ್ಕೆ ಔಷಧ ಬಿಟ್ಟರು. ಸ್ವಲ್ಪ ಹೊತ್ತಿಗೆ ಹಸಿರು ಗೆರೆ ಕೆಂಪನ್ನು ಬಿಟ್ಟು ಕೆಳಗೆ ಸರಿಯತೊಡಗಿತು. ಮೂಲೆಯಲ್ಲಿ ಅಂಕಿ ಇಳಿಯುತ್ತಿತ್ತು: 0.92, 0.89, 0.86. ಅಲ್ಲಿಗೆ ನಿಂತಿತು. "ಸ್ಟೆಂಟ್ ಬೇಡ, ಮಾತ್ರೆ ಸಾಕು" ಎಂದರು ಡಾಕ್ಟರು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹದಿನೈದು ದಿನದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ನೋಡಿ, "65 ಪರ್ಸೆಂಟ್ ಬ್ಲಾಕ್, ಇವತ್ತೇ ಹಾಕಿಸಿಬಿಡಿ" ಎಂದಿದ್ದರು. ಆಂಜಿಯೋಗ್ರಾಂ ತೋರಿಸುವುದು ನಾಳದ ನೆರಳನ್ನು. ದಾರಿ ಎಷ್ಟು ಕಿರಿದಾಗಿದೆ ಎಂದು ಅದು ಹೇಳೀತು. ಆಚೆಗೆ ರಕ್ತ ಸಾಲುತ್ತಿದೆಯೇ ಎಂದು ಹೇಳಲಾರದು. ಅದಕ್ಕೇ ಈ ಎಫ್‌ಎಫ್‌ಆರ್ (ಫ್ರಾಕ್ಷನಲ್ ಫ್ಲೋ ರಿಸರ್ವ್) ಪರೀಕ್ಷೆ. 0.36 ಮಿಲಿಮೀಟರ್ ದಪ್ಪದ ತಂತಿ, ತುದಿಯ ಹತ್ತಿರ ಒತ್ತಡ ಅಳೆಯುವ ಸೆನ್ಸರ್. ಅದನ್ನು ಬ್ಲಾಕ್ ದಾಟಿಸಿ ನಿಲ್ಲಿಸುತ್ತಾರೆ. ಬ್ಲಾಕಿನ ಈಚೆ (ಕೆಂಪು ಗೆರೆ) ಒತ್ತಡ 100 ಇದ್ದು ಆಚೆ (ಹಸಿರು ಗೆರೆ) 86 ಇದ್ದರೆ ಅದೇ 0.86. ಅಂಕಿ 0.80 ಅಥವಾ ಅದಕ್ಕೂ ಕೆಳಗಿದ್ದರೆ ಸ್ಟೆಂಟಿನ ಮಾತು.

ಔಷಧ ಯಾಕೆ ಎಂದು ಮಾವನಿಗೆ ತಿಳಿಸಲು ನನಗೆ ಅವರ ಊರಿನಲ್ಲಿ ಕೃಷ್ಣಾ ನದಿಗೆ ಕಟ್ಟಿದ ಬ್ಯಾರೇಜೇ ನೆರವಾಯಿತು. ಬೇಸಿಗೆಯಲ್ಲಿ ಕೃಷ್ಣೆ ಸೊರಗಿದಾಗ ಒಂದು ಗೇಟು ತೆರೆದಿದ್ದರೂ ಬಂದ ನೀರೆಲ್ಲ ದಾಟಿಹೋಗುತ್ತದೆ. ಮೇಲಿನ ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಬಂದ ದಿನ ಅದೊಂದೇ ಗೇಟು ಸಾಲುತ್ತದೆಯೇ? ಹೃದಯದ್ದೂ ಅದೇ ಕಥೆ. ಅಮೆರಿಕದ ಲ್ಯಾನ್ಸ್ ಗೌಲ್ಡ್ 1974ರಲ್ಲಿ ನಾಯಿಗಳ ಮೇಲೆ ತೋರಿಸಿದ್ದು ಇದನ್ನೇ: ಸುಮ್ಮನಿದ್ದಾಗಿನ ಹರಿವು ನಾಳ ಸುಮಾರು 85 ಪರ್ಸೆಂಟ್ ಕಿರಿದಾಗುವವರೆಗೂ ತಗ್ಗದು; ಗರಿಷ್ಠ ಹರಿವು 30ರಿಂದ 45 ಪರ್ಸೆಂಟ್ ಆಸುಪಾಸಿನಲ್ಲೇ ತಗ್ಗತೊಡಗುತ್ತದೆ. ಹಾಗಾಗಿ ಹೃದಯದಲ್ಲಿ ಹೊಳೆ ಬರಿಸಿ ಅಳೆಯಬೇಕು.

ಹೊಳೆ ಬರಿಸುವ ಆ ಔಷಧ ಅಡಿನೋಸಿನ್. ಇದರ ಬೆನ್ನು ಹತ್ತಿ ನಾನು ಒಂದು ವಾರ ಕಳೆದಿದ್ದೇನೆ. ಇದು ನಮ್ಮ ಮೈಯಲ್ಲೇ ಹುಟ್ಟುವ ವಸ್ತು. 1929ರಲ್ಲಿ ಡ್ರೂರಿ ಮತ್ತು ಸೆಂಟ್ ಜ್ಯೋರ್ಜಿ, ಪ್ರಾಣಿಗಳ ಹೃದಯದಿಂದ ತೆಗೆದ ರಸ ಹೃದಯಬಡಿತವನ್ನು ನಿಧಾನಿಸುವುದನ್ನೂ ಹೃದಯದ ನಾಳಗಳನ್ನು ಅರಳಿಸುವುದನ್ನೂ ಕಂಡರು. ಆ ಸೆಂಟ್ ಜ್ಯೋರ್ಜಿಯೇ ಮುಂದೆ ವಿಟಮಿನ್ ಸಿ ಕೆಲಸಕ್ಕಾಗಿ 1937ರಲ್ಲಿ ನೊಬೆಲ್ ಪಡೆದವರು. 1963ರಲ್ಲಿ ರಾಬರ್ಟ್ ಬರ್ನ್, ಆಮ್ಲಜನಕ ಸಾಲದಾದಾಗ ಹೃದಯದ ಸ್ನಾಯು ತಾನೇ ಅಡಿನೋಸಿನ್ ಬಿಟ್ಟು ನಾಳ ಅಗಲಿಸಿಕೊಳ್ಳುತ್ತದೆ ಎಂದು ಸೂಚಿಸಿದರು. ಹಸಿದ ಕೂಸು ಅತ್ತು ತಾಯನ್ನು ಕರೆದ ಹಾಗೆ! ರಕ್ತದಲ್ಲಿ ಇದರ ಆಯುಷ್ಯ ಕೆಲವೇ ಸೆಕೆಂಡು. ಹನಿ ನಿಲ್ಲಿಸಿದರೆ ಅದರಿಂದಾದ ಎದೆ ಬಿಗಿತ, ಏದುಸಿರು ಬೇಗನೆ ಇಳಿಯುತ್ತವೆ.

ಇದಕ್ಕೆ ಅಡ್ಡ ನಿಲ್ಲುವುದು ನಮ್ಮ ಚಾ. ಚಾ, ಕಾಫಿಯಲ್ಲಿರುವ ಕೆಫೀನ್ ಅಡಿನೋಸಿನ್ ಕೂಡಬೇಕಾದ ಜಾಗದಲ್ಲಿ ತಾನು ಹೋಗಿ ಕೂಡುತ್ತದೆ. ನಾಳ ಪೂರ್ತಿ ಅರಳದಿದ್ದರೆ ಬ್ಲಾಕ್ ಇರುವುದಕ್ಕಿಂತ ಹಗುರವಾಗಿ ಕಾಣುವ ಅಪಾಯವಿದೆ. ಪರೀಕ್ಷೆಯ ಹಿಂದಿನ ದಿನದಿಂದಲೇ ಚಾ ಬಂದ್ ಅಂದಾಗ, ದಿನಕ್ಕೆ ಎಂಟು ಸಲ ಚಾ ಕುಡಿಯುವ ಮಾವ ನನ್ನ ಮುಖ ನೋಡಿದ್ದರು: "ಊಟ ಬಿಡ್ತೀನಿ ತಮ್ಮಾ, ಚಾ ಹೆಂಗ ಬಿಡ್ಲಿ?" ದಮ್ಮಿಗೆ ಕೊಡುವ ಥಿಯೋಫಿಲಿನ್ ಮಾತ್ರೆಯದೂ ಇದೇ ತಂಟೆ. ಅದನ್ನು 1888ರಲ್ಲಿ ಮೊದಲು ಬೇರ್ಪಡಿಸಿದ್ದೂ ಚಹಾ ಎಲೆಯಿಂದಲೇ.

ಈ ಅಳತೆಯ ಉಳಿದ ಚರಿತ್ರೆ ಚಿಕ್ಕದು. 1977ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದ ಗ್ರುಂಟ್ಸಿಗ್ ಕೂಡ ಒತ್ತಡ ಅಳೆದಿದ್ದರು. ತೊಂಬತ್ತರ ದಶಕದಲ್ಲಿ ನಿಕೊ ಪೈಲ್ಸ್, ಬರ್ನಾರ್ಡ್ ಡಿ ಬ್ರೌನ್ ಆ ಅಳತೆಗೆ ಲೆಕ್ಕ ಕೊಟ್ಟರು. 1005 ರೋಗಿಗಳ ಫೇಮ್ ಅಧ್ಯಯನ 2009ರಲ್ಲಿ ಬಂತು. ಆಂಜಿಯೋಗ್ರಾಂ ನಂಬಿ ಸ್ಟೆಂಟ್ ಹಾಕಿದವರಲ್ಲಿ ಒಂದು ವರ್ಷದೊಳಗೆ ಸಾವು, ಹೃದಯಾಘಾತ ಇಲ್ಲವೇ ಮರುಚಿಕಿತ್ಸೆ ಕಂಡವರು ನೂರಕ್ಕೆ 18.3, ಅಳೆದು ಹಾಕಿದವರಲ್ಲಿ 13.2. ಕಣ್ಣಿಗೆ 50ರಿಂದ 70 ಪರ್ಸೆಂಟ್ ಅನ್ನಿಸಿದ ಬ್ಲಾಕುಗಳಲ್ಲಿ ನಿಜಕ್ಕೂ ಹರಿವು ತಡೆದದ್ದು ಮೂರರಲ್ಲಿ ಒಂದರಷ್ಟು ಮಾತ್ರ. ಮಾವನ ಬ್ಲಾಕ್ ಇದೇ ಗುಂಪಿನದು. ಆದರೆ ಹಾರ್ಟ್ ಅಟ್ಯಾಕ್ ಆಗಿಯೇ ಬಿಟ್ಟಾಗ ಮುಚ್ಚಿದ ನಾಳವನ್ನು ಅಳೆಯುತ್ತ ಕೂಡುವ ಹಾಗಿಲ್ಲ, ಮೊದಲು ತೆರೆಯಬೇಕು.

2017ರಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದಾಗ ನಮ್ಮ ಭಾಗದ ಎಷ್ಟೋ ಮನೆಗಳು ಉಸಿರು ಬಿಟ್ಟವು. ಒಬ್ಬರಿಗಷ್ಟೇ ಬಳಸುವ, ಒತ್ತಡ ಅಳೆಯುವ ಈ ತಂತಿಯೂ ಬಡವರ ಕೈಗೆ ಎಟುಕಬೇಕೆಂಬುದು ನನ್ನ ಹಟ.

ಮೊನ್ನೆ ಗೂಗಲ್‌ಗೆ ಹೋಗಿದ್ದೆ. ಮಾವ ಅಲ್ಲಮಪ್ರಭು ಗುಡಿಯಿಂದ ನಡೆದೇ ಬಂದರು. ಆಸ್ಪತ್ರೆಯ ಫೈಲನ್ನು ಪತ್ರಗಳ ಟ್ರಂಕಿನಲ್ಲಿ, ಹೊಲದ ಪಹಣಿಯ ಕೆಳಗೆ ಇಟ್ಟಿದ್ದಾರೆ. ತೆಗೆದು ಅಂಕಿಯ ಮೇಲೆ ಬೆರಳಿಟ್ಟು, "ಮುಂದಿನ ಸಲ ಇದು ಇಳದಿರ್ತದೇನು?" ಎಂದು ಕೇಳಿದರು. ಇಳಿಯಬಹುದು ಮಾವ, ಅದಕ್ಕೇ ಮಾತ್ರೆ ತಪ್ಪಿಸಬೇಡಿ ಎಂದೆ. ತಲೆಯಾಡಿಸಿ, ಅತ್ತೆಗೆ ಎರಡು ಚಾ ಹೇಳಿದರು.