ಡಿಕ್ಕಿಯಲ್ಲಿ ಚೆಲ್ಲಿದ ಡೀಸೆಲ್

ಕೇರಳದ ಕೋಳಿಕ್ಕೋಡಿನಿಂದ ಹೊರಟ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ ದಾಟಿ ನಂಜನಗೂಡಿಗೆ ಬರುತ್ತದೆ. ಮೈಸೂರು ಮುಟ್ಟಿ, ಅಲ್ಲಿಂದ ತಿ. ನರಸೀಪುರದ ಕಡೆ ಹೊರಳಿ ಕೊಳ್ಳೇಗಾಲ ಸೇರುತ್ತದೆ. ಈ ದಾರಿಯ ಆಚೀಚೆ ಕಬಿನಿ, ಕಾವೇರಿ ನೀರು ಕುಡಿದ ಗದ್ದೆ, ಕಬ್ಬು, ಬಾಳೆ. ಉಳುಮೆ, ನಾಟಿ ಶುರುವಾಯಿತೆಂದರೆ ಬಂಕುಗಳಲ್ಲಿ ಕ್ಯಾನು ಹಿಡಿದು ನಿಂತವರು ಕಾಣುತ್ತಾರೆ. ಟಿಲ್ಲರಿಗೆ, ನೀರೆತ್ತುವ ಇಂಜಿನ್ನಿಗೆ ಡೀಸೆಲ್ ಬೇಕು. ಕಳೆ ಕತ್ತರಿಸುವ ಮಷೀನಿಗೆ, ಔಷಧಿ ಹೊಡೆಯುವ ಪಂಪಿಗೆ ಪೆಟ್ರೋಲ್ ಬೇಕು. ಮೊದಲು ಈ ಕ್ಯಾನು ಸೈಕಲ್ಲಿನ ಕ್ಯಾರಿಯರಿನಲ್ಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿತ್ತು. ಈಗ ಎಷ್ಟೋ ಮನೆಗಳ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರಾದರೂ ನಿಂತಿದೆ. ಕ್ಯಾನು ಅದರ ಡಿಕ್ಕಿ ಸೇರುತ್ತದೆ.

ಊರಿನ ಮುಂದಿನ ಹಂಪಿನಲ್ಲಿ ಕಾರು ಎಗರಿದಾಗ ಕ್ಯಾನು ಮಗುಚುತ್ತದೆ, ಮುಚ್ಚಳ ಸಡಿಲವಾಗಿರುತ್ತದೆ. ಚೆಲ್ಲಿದ್ದು ಒಂದು ಲೋಟದಷ್ಟೇ ಇರಬಹುದು. ಆದರೆ ಮಾರನೆಯ ವಾರ ಮದುವೆಗೆ ಹೊರಟ ಮನೆಯವರು ಅರ್ಧ ದಾರಿಗೇ ತಲೆನೋವು, ವಾಕರಿಕೆ ಎಂದು ಕಿಟಕಿ ಇಳಿಸುತ್ತಾರೆ. ಮಕ್ಕಳು ವಾಂತಿ ಮಾಡಿಕೊಳ್ಳುವುದೂ ಉಂಟು. ಅಲ್ಲಿಂದ ಶುರುವಾಗುತ್ತದೆ ವಾಸನೆಯ ವಿರುದ್ಧದ ಹೋರಾಟ: ಡ್ಯಾಶ್‌ಬೋರ್ಡಿನ ಮೇಲೆ ಸೆಂಟಿನ ಬಾಟಲಿ, ಸೀಟಿನ ಕೆಳಗೆ ಕಾಫಿಪುಡಿ, ಡಿಕ್ಕಿಯಲ್ಲಿ ಕೊಯ್ದ ನಿಂಬೆಹಣ್ಣು. ಎರಡು ದಿನ ಎಲ್ಲ ವಾಸನೆಗಳೂ ಒಟ್ಟಿಗೆ ಬರುತ್ತವೆ, ಆಮೇಲೆ ಡೀಸೆಲ್ಲಿನದೊಂದೇ ಉಳಿಯುತ್ತದೆ.

ಉಳಿಯಲು ಕಾರಣವಿದೆ. ಪೆಟ್ರೋಲ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದಲೇ ಕುದಿಯತೊಡಗುವ ಹಗುರ ದ್ರವಗಳ ಮಿಶ್ರಣ. ಚೆಲ್ಲಿದ ಪೆಟ್ರೋಲಿನ ಹೆಚ್ಚು ಭಾಗ ಬಾಗಿಲು ತೆರೆದಿಟ್ಟರೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ. ಡೀಸೆಲ್ ಕುದಿಯುವುದು ಸುಮಾರು 180ರಿಂದ 360 ಡಿಗ್ರಿಯ ನಡುವೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ದಾಟಿದರೂ ಡೀಸೆಲ್ಲಿಗೆ ಅದು ಏನೇನೂ ಸಾಲದು. ದಿನಕ್ಕಿಷ್ಟು ಎಂದು ಆವಿಯಾಗುತ್ತಾ ತಿಂಗಳುಗಟ್ಟಲೆ ಕೂತಿರುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿಯನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದ್ದಾರೆ, ನಿಜ. ಆದರೆ ಮೂಗಿಗೆ ಹೊಡೆಯುವ ಘಾಟಿನ ಬಹುಪಾಲು ಬರುವುದು ಎಣ್ಣೆಯಿಂದಲೇ.

ಅದು ಕೂತಿರುವ ಜಾಗವೂ ಕಣ್ಣಿಗೆ ಬೀಳುವುದಿಲ್ಲ. ಡಿಕ್ಕಿಯ ಮ್ಯಾಟು ಎತ್ತಿದರೆ ಅದರ ಕೆಳಗೆ ಸದ್ದು ತಡೆಯಲು ಹಾಕಿದ ದಪ್ಪ ಫೆಲ್ಟು ಇರುತ್ತದೆ. ಹಳೆಯ ಬಟ್ಟೆಯ ಚೂರುಗಳನ್ನು ಒತ್ತಿ ಮಾಡಿದ, ಬೂದು ಬಣ್ಣದ ಹಾಸು ಅದು. ಮೇಲಿನ ಮ್ಯಾಟು ಒಣಗಿ ಗರಿಗರಿಯಾಗಿದ್ದರೂ ಫೆಲ್ಟನ್ನು ಬೆರಳಿನಲ್ಲಿ ಒತ್ತಿದರೆ ಜಿಡ್ಡು ಹತ್ತುತ್ತದೆ. ಕಾರಿನೊಳಗೆ ತುಂಬಿಕೊಳ್ಳುವ ವಾಸನೆ ಅಲ್ಲಿಂದ ಏಳುವುದೇ ಹೊರತು ಮೇಲಿನಿಂದಲ್ಲ. ಹಾಗಾಗಿ ಗಾಳಿಗೆ ಸೆಂಟು ಹೊಡೆದು ಪ್ರಯೋಜನವಿಲ್ಲ, ಎಣ್ಣೆಯನ್ನೇ ಹೊರಗೆ ತೆಗೆಯಬೇಕು.

ಚೆಲ್ಲಿದ್ದು ಪೆಟ್ರೋಲಾದರೆ ಮೊದಲು ನೋಡಬೇಕಾದದ್ದು ವಾಸನೆಯನ್ನಲ್ಲ, ಬೆಂಕಿಯನ್ನು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನ ನೆಲದಲ್ಲೇ ಮಡುಗಟ್ಟುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೂವರೆಯಷ್ಟಾದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕೀ ತಿರುಗಿಸಬಾರದು, ಒಳಗಿನ ದೀಪದ ಸ್ವಿಚ್ಚು ಮುಟ್ಟಬಾರದು, ವ್ಯಾಕ್ಯೂಮ್ ಕ್ಲೀನರ್ ಹಾಕಲೇಬಾರದು; ಅದರ ಮೋಟಾರಿನಲ್ಲೇ ಕಿಡಿ ಇರುತ್ತದೆ. ಕಾರು ಶೆಡ್ಡಿನಲ್ಲಿದ್ದರೆ ನ್ಯೂಟ್ರಲ್‌ಗೆ ಹಾಕಿ ಬಯಲಿಗೆ ತಳ್ಳಿ, ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಟ್ಟು ದೂರ ನಿಲ್ಲಬೇಕು.

ಡೀಸೆಲ್ಲಿಗೆ ಇಷ್ಟು ಭಯವಿಲ್ಲ, ಕೆಲಸ ಮಾತ್ರ ಹೆಚ್ಚು. ಹಳೆಯ ಪಂಚೆಯನ್ನೋ ಬನಿಯನ್ನನ್ನೋ ಮಡಿಸಿ ಮೇಲಿಂದ ಒತ್ತಿ ಹೀರಿಸಬೇಕು. ಉಜ್ಜಿದರೆ ಕಲೆ ಅಗಲವಾಗುತ್ತದೆ. ಬಟ್ಟೆ ಒಣಗಿಯೇ ಬರುವವರೆಗೆ ಒತ್ತಿದ ಮೇಲೆ ಅಡುಗೆ ಸೋಡಾ, ಮೆಕ್ಕೆಜೋಳದ ಪಿಷ್ಟ ಅಥವಾ ಒಣ ಮರದ ಹೊಟ್ಟು, ಯಾವುದು ಸಿಕ್ಕಿದರೂ ದಪ್ಪಗೆ ಹರಡಿ ರಾತ್ರಿ ಬಿಡಬೇಕು. ಬೆಳಿಗ್ಗೆ ಗುಡಿಸಿ ತೆಗೆದರೆ ಪುಡಿ ಜಿಡ್ಡುಗಟ್ಟಿರುತ್ತದೆ. ಇಲ್ಲಿ ಸೋಡಾ ಯಾವ ರಸಾಯನ ಕ್ರಿಯೆಯನ್ನೂ ಮಾಡುವುದಿಲ್ಲ, ಬರೀ ಹೀರಿಕೊಳ್ಳುತ್ತದೆ. ವಿನೆಗರಿನ ಸಲಹೆ ಕೊಡುವವರು ಬಹಳ. ಮೀನಿನ ವಾಸನೆಗೆ ಅದು ಸರಿ, ಏಕೆಂದರೆ ಆ ವಾಸನೆ ಕ್ಷಾರದ್ದು, ಆಮ್ಲಕ್ಕೆ ಬಗ್ಗುತ್ತದೆ. ಡೀಸೆಲ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕೆ ಬೇಕಾದ್ದು ಸೋಪು.

ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೆರಡು ಚಮಚವನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ನೊರೆಯನ್ನಷ್ಟೇ ಬ್ರಷ್ಷಿನಲ್ಲಿ ತೆಗೆದುಕೊಂಡು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿದರೆ ಇನ್ನೊಂದು ನೀರನ್ನು ಹಿಡಿಯುತ್ತದೆ, ಹಾಗೆ ಎಣ್ಣೆ ಎದ್ದು ಬರುತ್ತದೆ. ಒಂದೇ ಸಲಕ್ಕೆ ಹೋಗುವುದಿಲ್ಲ, ಮತ್ತೆ ಮತ್ತೆ ಮಾಡಬೇಕು. ವಾಟರ್ ಸರ್ವಿಸ್‌ಗೆ ಬಿಟ್ಟು ಒಳಗೆಲ್ಲಾ ಪೈಪಿನಲ್ಲಿ ನೀರು ಹೊಡೆಸುವುದಂತೂ ಕೆಟ್ಟ ದಾರಿ. ನೀರು ಡೀಸೆಲ್ಲನ್ನು ಇನ್ನೂ ಆಳಕ್ಕೆ ತಳ್ಳುತ್ತದೆ, ಫೆಲ್ಟು ಒಣಗದೆ ಬೂಷ್ಟು ಹಿಡಿಯುತ್ತದೆ.

ಫೆಲ್ಟು ಪೂರ್ತಿ ನೆಂದಿದ್ದರೆ ತೊಳೆಯುವ ಆಸೆ ಬಿಟ್ಟು ಅಷ್ಟು ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡು ಹಾಕಿಸುವುದೇ ಲೇಸು. ಸೀಟು ಹೊಲಿಯುವ ಅಂಗಡಿಗಳಲ್ಲಿ ಈ ಕೆಲಸ ಮಾಡಿಕೊಡುತ್ತಾರೆ. ಮುಂದಿನ ಸೀಟುಗಳನ್ನು ಬಿಚ್ಚಬೇಕಾಗಿ ಬಂದರೆ ಮಾತ್ರ ಎಚ್ಚರ: ಸೀಟಿನ ಕೆಳಗೆ ಹಳದಿ ಪ್ಲಗ್ಗಿನ ವೈರು ಕಂಡರೆ ಅದು ಏರ್‌ಬ್ಯಾಗಿನದು. ಬ್ಯಾಟರಿ ತೆಗೆಯದೆ ಅದನ್ನು ಎಳೆಯಬಾರದು, ತಿಳಿದ ಮೆಕ್ಯಾನಿಕ್ಕಿಗೇ ಬಿಡಬೇಕು.

ಎಣ್ಣೆ ತೆಗೆದ ಮೇಲೆ ಉಳಿಯುವ ಸಣ್ಣ ವಾಸನೆಗೆ ಇದ್ದಿಲು ಒಳ್ಳೆಯದು. ಒಲೆಯ ಇದ್ದಿಲಲ್ಲ, ತೆಂಗಿನ ಚಿಪ್ಪಿನಿಂದ ತಯಾರಾಗುವ ಆಕ್ಟಿವೇಟೆಡ್ ಕಾರ್ಬನ್. ಅದರ ಒಂದು ಗ್ರಾಮಿನೊಳಗಿನ ರಂಧ್ರಗಳ ಮೇಲ್ಮೈಯೆಲ್ಲ ಸೇರಿದರೆ 500 ಚದರ ಮೀಟರಿಗೂ ಹೆಚ್ಚು. ಆವಿಯೆಲ್ಲ ಅಲ್ಲಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಕಾರುಗಳ ಟ್ಯಾಂಕಿನಿಂದ ಏಳುವ ಆವಿಯನ್ನು ಹಿಡಿಯಲು ಕಂಪನಿಗಳೇ ಇಂಥ ಇದ್ದಿಲಿನ ಡಬ್ಬಿಯನ್ನು ಕೂರಿಸಿರುತ್ತವೆ. ಎಸಿಯ ಫಿಲ್ಟರನ್ನೂ ಬದಲಾಯಿಸಬೇಕು, ಅದು ವಾಸನೆ ಕುಡಿದಿರುತ್ತದೆ. ಓಜೋನ್ ಮಷೀನಿಗೆ ದುಡ್ಡು ಹಾಕುವ ಮುನ್ನ ಯೋಚಿಸುವುದು ಒಳ್ಳೆಯದು. ಡೀಸೆಲ್ಲಿನ ಬಹುಪಾಲು ಅಂಶಗಳ ಮೇಲೆ ಓಜೋನ್ ಬಹಳ ನಿಧಾನ ಕೆಲಸ ಮಾಡುತ್ತದೆ, ರಬ್ಬರನ್ನೂ ಶ್ವಾಸಕೋಶವನ್ನೂ ಬೇಗ ಕೆಡಿಸುತ್ತದೆ.

ಏನೂ ಚೆಲ್ಲದೆ ವಾಸನೆ ಬರುತ್ತಿದ್ದರೆ ವಿಷಯವೇ ಬೇರೆ. ಟ್ಯಾಂಕಿನ ಮುಚ್ಚಳದ ರಬ್ಬರು, ಬಿರುಕು ಬಿಟ್ಟ ಪೈಪು, ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿರುವ ಪಂಪಿನ ಸೀಲು, ಇವುಗಳಲ್ಲಿ ಒಂದು ಸೋರುತ್ತಿರಬಹುದು. ಗ್ಯಾಸಿನ ಕಾರಿನಲ್ಲಿ ಕೊಳೆತ ವಾಸನೆ ಬಂದರೆ ಅದು ಸೋರಿಕೆ ತಿಳಿಯಲೆಂದೇ ಬೆರೆಸಿದ ವಾಸನೆ. ಅಲ್ಲೇ ಇಂಜಿನ್ ಆಫ್ ಮಾಡಿ ಎಲ್ಲರೂ ಇಳಿಯಬೇಕು.

ಕ್ಯಾನಿನ ವಿಷಯದಲ್ಲಿ ಕಾನೂನು ಹಳೆಯದು, ಸ್ಪಷ್ಟವಾದದ್ದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು, ಅದೂ ಬಿಗಿ ಮುಚ್ಚಳವಿರುವ, 25 ಲೀಟರ್ ಮೀರದ ಲೋಹದ ಕ್ಯಾನಿನಲ್ಲಿ. ನೀರಿನ ಬಾಟಲಿ, ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಇದಕ್ಕೆ ಬರುವುದಿಲ್ಲ. ತುಂಬಿಸುವಾಗ ಕ್ಯಾನನ್ನು ಡಿಕ್ಕಿಯಿಂದ ಇಳಿಸಿ ನೆಲದ ಮೇಲಿಡಬೇಕು, ಇಲ್ಲದಿದ್ದರೆ ಸ್ಥಾಯಿ ವಿದ್ಯುತ್ತಿನ ಕಿಡಿ ಏಳಬಹುದು. ಬಿಸಿಲಿಗೆ ಇಂಧನ ಹಿಗ್ಗುವುದರಿಂದ ಕಂಠದವರೆಗೆ ತುಂಬಿಸಬಾರದು. ಎಣ್ಣೆ ಕುಡಿದ ಬಟ್ಟೆ, ಹೊಟ್ಟನ್ನು ಒಲೆಗೆ ಹಾಕದೆ ಬಯಲಲ್ಲಿ ಹರಡಿ ಆರಿಸಬೇಕು. ತೊಳೆದ ನೀರನ್ನು ನಾಲೆಗೋ ಕಬಿನಿಯ ಸೋಪಾನಕ್ಕೋ ಬಿಡಕೂಡದು, ಅದೇ ನೀರಿನಲ್ಲಿ ಜನ ಮೀಯುತ್ತಾರೆ, ದನ ಕುಡಿಯುತ್ತದೆ.

ವಾಸನೆ ಹೋಯಿತೋ ಇಲ್ಲವೋ ಎಂದು ದಿನಾ ಓಡಿಸುವವರ ಮೂಗಿಗೆ ತಿಳಿಯುವುದಿಲ್ಲ, ಅದು ಒಗ್ಗಿಹೋಗಿರುತ್ತದೆ. ಗಾಜು ಮುಚ್ಚಿ ಒಂದೆರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಆ ಕಾರು ಹತ್ತದವರೊಬ್ಬರಿಂದ ಬಾಗಿಲು ತೆಗೆಸಬೇಕು. ಅವರು ಮುಖ ಸಿಂಡರಿಸಿದರೆ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನು ನೋಡಬೇಕು. ಡಿಕ್ಕಿಯ ಎಲ್ಲ ಇಳಿಜಾರೂ ಅಲ್ಲಿಗೇ ಸೇರುವುದರಿಂದ, ಕಡೆಯ ಚಮಚ ಡೀಸೆಲ್ ಸಾಮಾನ್ಯವಾಗಿ ಅಲ್ಲೇ ನಿಂತಿರುತ್ತದೆ.