ಗಾಳಿಯನ್ನು ಅಳೆದು ನೋಡಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಇಂದು ದೊಡ್ಡ ಗಾಳಿಯಂತ್ರಗಳು ತಿರುಗುತ್ತಿವೆ. ಅವನ್ನು ಕಂಡ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ, ತರಬೇತಿಯ ಕೆಲವು ವಾರಗಳಲ್ಲಿ ತೋಟಕ್ಕೊಪ್ಪುವ ಚಿಕ್ಕ ಯಂತ್ರವೊಂದನ್ನು ಮಾಡುವ ಆಸೆ ಹುಟ್ಟುವುದು ಸಹಜ. ಅಂಥ ವಿದ್ಯಾರ್ಥಿ ನಿಮ್ಮ ಮನೆಯಲ್ಲಿದ್ದರೆ ಈ ಲೇಖನ ಅವರಿಗಾಗಿ. ಯಂತ್ರಕ್ಕೆ ಹಣ ಹಾಕುವ ರೈತರು ನೀವಾಗಿದ್ದರೆ ನಿಮಗಾಗಿಯೂ ಹೌದು.

ಮೊದಲು ಒಂದು ಲೆಕ್ಕ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಮೂರು ಮೀಟರ್ ಅಡ್ಡಳತೆಯ ಚಕ್ರವನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ ಅದರ ಮೂಲಕ ಹಾಯುವಾಗ ಸುಮಾರು 250 ವಾಟ್ ಶಕ್ತಿ ಇರುತ್ತದೆ. ಎಂಥ ಚಕ್ರವೂ ಇದರಲ್ಲಿ ಶೇಕಡ 59ಕ್ಕಿಂತ ಹೆಚ್ಚು ಪಡೆಯಲಾರದು. ಇದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿಕೊಟ್ಟ ಮಿತಿ. ಸಣ್ಣ ಯಂತ್ರದಲ್ಲಿ ಕಾಲುಭಾಗ ದಕ್ಕಿತೆಂದುಕೊಳ್ಳಿ: 60 ವಾಟ್. ವೇಗ 8 ಮೀಟರ್ ಆದರೆ ಅದೇ ಯಂತ್ರ 500 ವಾಟ್ ಕೊಟ್ಟೀತು. 2 ಮೀಟರಿಗೆ ಇಳಿದರೆ ಏಳೆಂಟು ವಾಟ್ ಕೂಡ ಅನುಮಾನ.

ಆದ್ದರಿಂದ ತರಬೇತಿಯ ಮೊದಲ ಕೆಲಸ ರೆಕ್ಕೆ ಕೆತ್ತುವುದಲ್ಲ, ಗಾಳಿಮಾಪಕವನ್ನು ಕಂಬಕ್ಕೇರಿಸುವುದು. ಗುಡ್ಡದ ನೆತ್ತಿಯ ಗಾಳಿ ಬೇರೆ, ಬೇವಿನ ಮರದ ಮರೆಯ ಗಾಳಿ ಬೇರೆ. ಸುತ್ತಲ ನೂರು ಮೀಟರಿನೊಳಗಿನ ಮರ, ಮನೆಗಳಿಗಿಂತ ಚಕ್ರ ಕನಿಷ್ಠ ಒಂಬತ್ತು ಮೀಟರ್ ಎತ್ತರದಲ್ಲಿರಬೇಕು. ಮಾಳಿಗೆಯ ಮೇಲಿಟ್ಟ ಯಂತ್ರ ಸುಳಿಗಾಳಿಗೆ ಸಿಕ್ಕಿ ನಡುಗುವುದೇ ಹೆಚ್ಚು. ಮುಂಗಾರಿನ ತಿಂಗಳುಗಳಲ್ಲಿ ಕಂಡ ಬಿರುಗಾಳಿಯನ್ನು ನಂಬಿ ವರ್ಷದ ಲೆಕ್ಕ ಹಾಕಲೂಬಾರದು. ನೀರಿಗೆ ಹಾತೊರೆಯುವ ಮಾರ್ಚ್‌ನಲ್ಲಿ ಗಾಳಿ ಅಷ್ಟಿರುವುದಿಲ್ಲ.

ಎರಡನೆಯದು, ಕೆಲಸಕ್ಕೆ ತಕ್ಕ ಚಕ್ರ. ನೀರೆತ್ತುವ ಪಂಪು ಹೊರಡುವಾಗಲೇ ಬಲ ಬೇಡುತ್ತದೆ. ಅದಕ್ಕೆ ಹಲವು ರೆಕ್ಕೆಗಳ, ನಿಧಾನವಾಗಿ ತಿರುಗುವ ಚಕ್ರ. ವಿದ್ಯುತ್ತಿಗೆ ವೇಗ ಬೇಕು. ಅದಕ್ಕೆ ಎರಡು ಮೂರು ರೆಕ್ಕೆ ಸಾಕು. ಈ ಪಾಠ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲೇ ಡಬ್ಲ್ಯು.ಪಿ.-2 ಎಂಬ ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿತ್ತು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಬಟ್ಟೆಯ ಹಾಯಿ ಬಳಸಿ, ನೆಟ್ಟಗೆ ನಿಂತ ಅಚ್ಚಿನ ಸುತ್ತ ತಿರುಗುವ ಅಗ್ಗದ ಯಂತ್ರವನ್ನು ಪ್ರಯೋಗಿಸಿದರು. ಅವು ತೆರೆದ ಬಾವಿಗಳಿಗೆ ಹೊಂದುವ ಯಂತ್ರಗಳು. ಇಂದು ನೀರು ಆಳದ ಕೊಳವೆ ಬಾವಿಗಿಳಿದಿದೆ, ಸೌರ ಫಲಕ ಅಗ್ಗವಾಗಿದೆ. ಹೋಲಿಸಿ ನೋಡದೆ ಮುಂದುವರಿಯುವುದು ಸರಿಯಲ್ಲ.

ಮೂರನೆಯದು ಸುರಕ್ಷತೆ. ಗಾಳಿ ಮಿತಿ ಮೀರಿದಾಗ ಚಕ್ರ ತಾನಾಗಿ ಪಕ್ಕಕ್ಕೆ ಹೊರಳುವಂತೆ ಬಾಲವನ್ನು ಜೋಡಿಸಬೇಕು. ಕಂಬವನ್ನು ಕೆಳಗಿಳಿಸಿ ರಿಪೇರಿ ಮಾಡುವಂತಿರಬೇಕು. ಬೇರಿಂಗ್ ಸವೆದರೆ ಊರಿನ ವೆಲ್ಡಿಂಗ್ ಅಂಗಡಿಯವರೇ ಬದಲಿಸುವಂತಿದ್ದರೆ ಯಂತ್ರ ಉಳಿಯುತ್ತದೆ. ಇಲ್ಲದಿದ್ದರೆ ವಿದ್ಯಾರ್ಥಿ ಕಾಲೇಜಿಗೆ ಮರಳಿದ ಮೇಲೆ ಅದು ಹೊಲದಲ್ಲಿ ತುಕ್ಕು ಹಿಡಿಯುತ್ತದೆ.

ಎಲ್ಲ ಅಳೆದ ಮೇಲೆ ‘ಈ ಜಾಗಕ್ಕೆ ಗಾಳಿಯಂತ್ರ ಬೇಡ’ ಎಂಬ ಉತ್ತರ ಬಂದರೆ ವಿದ್ಯಾರ್ಥಿ ಅದನ್ನು ವರದಿಯಲ್ಲಿ ಧೈರ್ಯವಾಗಿ ಬರೆಯಲಿ. ಒಬ್ಬ ರೈತನ ಹಣ ಉಳಿಸಿದ ತರಬೇತಿ ವ್ಯರ್ಥವಾಗಲಿಲ್ಲ. ಕಣದಲ್ಲಿ ಮೊರ ಹಿಡಿದು ನಿಂತವರೂ ಮೊದಲು ಹಿಡಿ ಹೊಟ್ಟು ಹಾರಿಸಿ ಗಾಳಿ ನೋಡುತ್ತಾರಲ್ಲವೇ?