ತಾಯಿ–ಮಗು: ಪ್ರಭಾವದ ಎರಡು ದಿಕ್ಕುಗಳು

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯಲ್ಲಿ ಪ್ರಭಾವಕ್ಕಿರುವುದು ಒಂದೇ ದಿಕ್ಕು. ತಾಯಿ ರೂಪಿಸುತ್ತಾಳೆ, ಮಗು ರೂಪುಗೊಳ್ಳುತ್ತದೆ. ಬಹುಕಾಲ ಮನೋವಿಜ್ಞಾನದ ನಿಲುವೂ ಬಹುಮಟ್ಟಿಗೆ ಇದೇ ಆಗಿತ್ತು. 1968ರಲ್ಲಿ ಅಮೆರಿಕದ ರಿಚರ್ಡ್ ಬೆಲ್ ಈ ಗ್ರಹಿಕೆಯನ್ನು ಪ್ರಶ್ನಿಸಿದರು. ತಾಯಿಯ ಕಠೋರತೆಗೂ ಮಗುವಿನ ಹಟಕ್ಕೂ ಸಂಬಂಧ ಕಂಡುಬಂದ ಮಾತ್ರಕ್ಕೆ ಮೊದಲನೆಯದೇ ಕಾರಣವೆನ್ನಲಾಗದು. ಹಟವೇ ಕಠೋರತೆಯನ್ನು ಕೆರಳಿಸಿರಬಹುದು ಎಂಬುದು ಅವರ ವಾದದ ತಿರುಳು. 1975ರಲ್ಲಿ ಆರ್ನಾಲ್ಡ್ ಸಮೆರಾಫ್ ಮತ್ತು ಮೈಕೇಲ್ ಚಾಂಡ್ಲರ್ ಈ ವಿಚಾರವನ್ನು ಮುಂದುವರಿಸಿ, ಮಗುವೂ ಅದರ ಪರಿಸರವೂ ಕಾಲಕ್ರಮದಲ್ಲಿ ಒಂದನ್ನೊಂದು ಮಾರ್ಪಡಿಸುತ್ತ ಹೋಗುವುವೆಂದು ಪ್ರತಿಪಾದಿಸಿದರು.

ಬಡತನ, ಕಲಹ, ಕುಡಿತ, ಮನೋರೋಗಗಳಿಂದ ಜರ್ಝರಿತವಾದ ಕುಟುಂಬಗಳಲ್ಲಿ ಈ ಪರಸ್ಪರತೆಗೆ ವಿಶೇಷ ಮಹತ್ತ್ವವಿದೆ. ಆರೆಗಾನ್‌ನ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಲ್ಲಿಯೇ ನಡೆಸಿದ ವೀಕ್ಷಣೆಗಳನ್ನಾಧರಿಸಿ 1982ರ ತಮ್ಮ ಗ್ರಂಥದಲ್ಲಿ ಇದರ ಬಗೆಯನ್ನು ವಿವರಿಸಿದ್ದಾರೆ. ತಾಯಿ ಒಂದು ಕೆಲಸ ಹೇಳುತ್ತಾಳೆ, ಮಗು ಕಿರುಚುತ್ತದೆ. ದಣಿದ ತಾಯಿ ಮಾತನ್ನು ಹಿಂದೆಗೆದುಕೊಳ್ಳುತ್ತಾಳೆ, ಮಗು ಸುಮ್ಮನಾಗುತ್ತದೆ. ಕಿರುಚಿದರೆ ಕೆಲಸ ತಪ್ಪುವುದೆಂದು ಮಗು ಕಲಿಯಿತು. ಸೋತರೆ ಶಾಂತಿ ದೊರೆಯುವುದೆಂದು ತಾಯಿ ಕಲಿತಳು. ಮತ್ತೊಮ್ಮೆ ಹೊಡೆದು ಗೆದ್ದರೆ ಅವಳು ಕಲಿಯುವುದು ಹೊಡೆತವನ್ನು. ಹೀಗೆ ಒಬ್ಬರ ವರ್ತನೆಯನ್ನು ಮತ್ತೊಬ್ಬರು ಅರಿವಿಲ್ಲದೆಯೇ ಬಲಪಡಿಸುತ್ತಾರೆ. ಬಿಡುವು, ನೆರವುಗಳಿಲ್ಲದ ಮನೆಯಲ್ಲಿ ಈ ಸುತ್ತು ಬಿಗಿಯಾಗುತ್ತದೆ.

ಇದೇ ಸುತ್ತು ಒಳಿತಿನತ್ತಲೂ ತಿರುಗಬಲ್ಲದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬೆಳವಣಿಗೆಯನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಹಲವು ಸಂಕಷ್ಟಗಳು ಒಟ್ಟಿಗೆ ಮುತ್ತಿದ್ದ ಮನೆಗಳ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥರೂ ಅಂತಃಕರಣವುಳ್ಳವರೂ ಆಗಿ ಬೆಳೆದರು. ಇಂಥವರು ಹಸುಳೆಗಳಾಗಿದ್ದಾಗಲೇ ಚುರುಕಾಗಿ, ಅಕ್ಕರೆಯಿಂದ ಸ್ಪಂದಿಸಿ ಹಿರಿಯರ ಮಮತೆಯನ್ನು ಸೆಳೆದುಕೊಂಡಿದ್ದರೆಂಬುದು ಗಮನಾರ್ಹ. ಹೆತ್ತವರು ಅಶಕ್ತರಾದಲ್ಲಿ ಅಜ್ಜಿಯೋ ನೆರೆಯವರೋ ಶಿಕ್ಷಕರೋ ಆಸರೆಯಾಗಿದ್ದರು.

ಇದರಿಂದ ಹೊಣೆ ತಾಯಿಯಿಂದ ಮಗುವಿನ ಮೇಲೆ ಜಾರುವುದಿಲ್ಲ. ಮಗುವಿನ ಪಾಲಿದೆಯೆಂದರೆ ಅದರ ತಪ್ಪಿದೆಯೆಂದು ಅರ್ಥವಲ್ಲ. ಸುತ್ತನ್ನು ಮೊದಲು ಸಡಿಲಿಸಬೇಕಾದವರು ಹಿರಿಯರೇ. ಅದಕ್ಕೆ ಅವರಿಗೂ ತರಬೇತಿ, ನೆರವುಗಳು ಬೇಕು. ದುಡಿಮೆಗಾಗಿ ಮುಂಬಯಿ, ಪುಣೆಗಳಿಗೆ ಬಂದ ನಮ್ಮವರಲ್ಲಿ ಎಷ್ಟೋ ಮನೆಗಳಿಗೆ ಅಜ್ಜಿಯ ಆಸರೆ ಊರಿನಲ್ಲಿಯೇ ಉಳಿದಿರುತ್ತದೆ. ಶಾಲೆಯಲ್ಲಿ ಪರಭಾಷೆ ಕಲಿತ ಮಗುವೇ ಆಸ್ಪತ್ರೆ, ಕಚೇರಿಗಳಲ್ಲಿ ತಾಯಿಯ ಪರವಾಗಿ ಮಾತನಾಡಬೇಕಾಗುತ್ತದೆ. ಅಲ್ಲಿ ಯಾರು ಯಾರನ್ನು ಸಲಹುತ್ತಿದ್ದಾರೆಂದು ಹೇಳುವುದು ಕಷ್ಟ. ಕಥೆ, ಕಾದಂಬರಿಗಳ ತಾಯಿಯನ್ನು ತ್ಯಾಗಮಯಿ ಅಥವಾ ಕ್ರೂರಿ ಎಂದು ತೀರ್ಮಾನಿಸುವ ಮುನ್ನ ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಆಕೆಯ ಎದುರಿಗಿರುವ ಮಗುವನ್ನು, ಇಬ್ಬರ ಸುತ್ತಲಿನ ಮನೆಯನ್ನು ಗಮನಿಸಬೇಕಾಗಿದೆ.